ಕೊಟ್ರವ್ವನ ಬೇಳೆಯ ರೇಟು

ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿದಾಗ ಒಳಗಿನ ಫ್ಯಾನಿಗೆ ಮೆತ್ತಿದ್ದ ಮೆಣಸಿನಕಾಯಿಯ ಕೆಂಪು ಧೂಳು ಹಾರಿ ಯಾಸ್ಮೀನಳ ಮೂಗಿಗೆ ಅಡರಿತು. ಬಂದ ಸೀನನ್ನು ದುಪಟ್ಟಾ ಒತ್ತಿ ತಡೆದಳು. ಅಂಗಡಿಯ ಮುಂಭಾಗದಲ್ಲಿ ಯಾರು ಬಂದರು, ಯಾರು ಏನು ಕೇಳಿದರು ಎಂಬುದೆಲ್ಲ ಒಂದೂ ತಪ್ಪದೆ ಕೇಳಿಸಬೇಕಿತ್ತು. ಫ್ಯಾನು ಒರೆಸುವುದು ಬರೀ ನೆಪ. ಅದಕ್ಕಾಗಿ ದಾವಣಗೆರೆಯ ಕಾಲೇಜಿಗೆ ರಜೆ ಹಾಕಬೇಕಿರಲಿಲ್ಲವೆಂದು ಅವಳಿಗೂ ಗೊತ್ತಿತ್ತು, ಗಲ್ಲಾದ ಹಿಂದೆ ಕುಳಿತಿದ್ದ ಅಬ್ಬಾನಿಗೂ ಗೊತ್ತಿತ್ತು. ಇವತ್ತು ಹರಿಹರದ ಸಂತೆ. ಸಂತೆಯ ದಿನ ಕಡರನಾಯಕನಹಳ್ಳಿಯ ಕೊಟ್ರವ್ವ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಾಳೆ, ಸೊಪ್ಪು ಮಾರಿದ ಮೇಲೆ ಈ ಅಂಗಡಿಗೆ ಬಂದು ವಾರದ ಸಾಮಾನು ಒಯ್ಯುತ್ತಾಳೆ. ಕಳೆದ ಸಂತೆಗೆ ಅವಳು ಅಂಗಡಿಗೆ ಬರಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಅಬ್ಬಾ, ಅವಳಿಗೆಂದು ಕಟ್ಟಿಟ್ಟಿದ್ದ ತೊಗರಿಬೇಳೆಯ ಪೊಟ್ಟಣ ಬಿಚ್ಚಿ ಮತ್ತೆ ಚೀಲಕ್ಕೆ ಸುರಿದರು, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಯಾಸ್ಮೀನಳಿಗೆ ವಾರವಿಡೀ ಅನ್ನಿಸುತ್ತಿತ್ತು.

ಮೆಣಸಿನಕಾಯಿ ಚೀಲಗಳಿಗೂ ಬೆಲ್ಲದ ಡಬ್ಬಗಳಿಗೂ ನಡುವೆ ಸ್ಟೂಲಿನ ಮೇಲೆ ಕೂತು ಗುಂಯ್‌ಗುಡುವ ಈ ಹಳೆಯ ಡಬ್ಬಿಯೇ ‘ನಮ್ಮ ರೇಟು’. ಯಾವುದೋ ದೇಶದ ಯಾರೋ ಪುಣ್ಯಾತ್ಮರು ದಿನಸಿಯ ಬೆಲೆಯನ್ನು ಅಂಗಡಿಯಿಂದ ಅಂಗಡಿಗೆ ಹೋಲಿಸಿ ತೋರಿಸುವ ಪ್ರೋಗ್ರಾಮು ಬರೆದು, ಯಾರು ಬೇಕಾದರೂ ಬಳಸಲಿ, ಬದಲಿಸಲಿ ಎಂದು ಬಿಟ್ಟಿಯಾಗಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಯಾಸ್ಮೀನ್ ಅದನ್ನು ಇಳಿಸಿಕೊಂಡು, ಡಬ್ಬಿಗೆ ಲಿನಕ್ಸ್ ಹಾಕಿ, ಅವರ ಚೀಸು, ಆಲಿವ್ ಎಣ್ಣೆಗಳನ್ನೆಲ್ಲ ಅಳಿಸಿ, ಆ ಜಾಗದಲ್ಲಿ ತೊಗರಿಬೇಳೆ, ಶೇಂಗಾ ಎಣ್ಣೆ, ಮಂಡಕ್ಕಿ ಎಂದು ಕನ್ನಡದಲ್ಲಿ ಬರೆದಿದ್ದಳು. ಬಾಡಿಗೆ ಸರ್ವರು ತೆಗೆದುಕೊಳ್ಳಿ ಎಂದು ಕಾಲೇಜಿನಲ್ಲಿ ಹೇಳಿದವರಿಗೆ, ನಮ್ಮೂರಿನ ರೇಟು ನಮ್ಮೂರಲ್ಲೇ ಇರಲಿ ಬಿಡಿ ಎಂದು ಸ್ವಲ್ಪ ಜಂಬದಿಂದಲೇ ಹೇಳಿ, ಅಂಗಡಿಯ ಬ್ರಾಡ್‌ಬ್ಯಾಂಡಿಗೆ ಡಬ್ಬಿಯನ್ನು ಜೋಡಿಸಿದ್ದಳು. ಕರೆಂಟು ಹೋದರೆ ಸೈಟೂ ಹೋಗುತ್ತಿತ್ತು. ಒಂದು ದಿನ ಅಬ್ಬಾ ಇನ್ವರ್ಟರಿನ ವೈರನ್ನು ತಕ್ಕಡಿಯ ಮೇಲಿನ ಲೈಟಿನಿಂದ ಬಿಡಿಸಿ ಡಬ್ಬಿಗೆ ಕೊಡಿಸಿದರು. ಆಮೇಲೆ ಕರೆಂಟು ಹೋದಾಗಲೆಲ್ಲ ಮೊಬೈಲಿನ ಟಾರ್ಚನ್ನು ಗದ್ದದ ಕೆಳಗೆ ಒತ್ತಿಕೊಂಡು ತೂಗುತ್ತಿದ್ದರು. ಅದನ್ನು ನೋಡಿ ಅವಳು ನಕ್ಕಿದ್ದಳು. ಫೋಟೊ ತೆಗೆದು ಗೆಳತಿಯರಿಗೂ ಕಳಿಸಿದ್ದಳು. ಆ ಫೋಟೊ ಈಗ ನೆನಪಾಗಿ ಫ್ಯಾನು ಒರೆಸುತ್ತಿದ್ದ ಬ್ರಶ್ಶನ್ನು ಕೆಳಗಿಟ್ಟಳು.

ಸೈಟು ಮಾಡಬೇಕೆನ್ನುವ ಹುಚ್ಚು ಹತ್ತಿದ್ದು ಎಲ್ಲಿಂದ ಎಂದು ಯಾರಾದರೂ ಕೇಳಿದರೆ, ಜನರಿಗೆ ಉಪಯೋಗವಾಗಲಿ ಅಂತ, ಎನ್ನುತ್ತಿದ್ದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೈಸ್ಕೂಲಿನಲ್ಲಿದ್ದಾಗ ಗೆಳತಿಯೊಬ್ಬಳ ತಾಯಿ ಎಲ್ಲರೆದುರು, ನಿಮ್ಮಪ್ಪ ನಮಗೊಂದು ರೇಟು, ಪಕ್ಕದ ಮನೆಯವರಿಗೊಂದು ರೇಟು ಹೇಳ್ತಾರಲ್ಲ ಯಾಕಮ್ಮ, ಎಂದು ನಗುತ್ತಲೇ ಕೇಳಿದ್ದರು. ಆಗ ಬಿಸಿಯಾದ ಕಿವಿ ಇನ್ನೂ ಆರಿರಲಿಲ್ಲ. ಆ ತಾಯಿ ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಚೌಕಾಸಿ ಮಾಡುವವರಿಗೆ ಅಬ್ಬಾ ಮೊದಲೇ ಏರಿಸಿ ಹೇಳಿ ಆಮೇಲೆ ಇಳಿಸುತ್ತಿದ್ದರು, ಮುಖ ನೋಡಿ ರೇಟು ಹೇಳುತ್ತಿದ್ದರು. ಅದೇ ಅಬ್ಬಾ, ಗಿರಾಕಿಗಳ ಎದುರು ಮನೆಮಂದಿ ಉರ್ದುವಿನಲ್ಲಿ ಮಾತಾಡಕೂಡದು, ಗುಟ್ಟಾಗಿ ರೇಟು ಮಾತಾಡಿಕೊಂಡರು ಅಂತ ಯಾರಿಗೂ ಅನ್ನಿಸಬಾರದು, ಎಂದು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಹೊಸ್ತಿಲು ದಾಟಿ ಅಂಗಡಿಗೆ ಕಾಲಿಟ್ಟರೆ ಅಪ್ಪ ಮಗಳು ಕನ್ನಡಕ್ಕೆ ಹೊರಳುತ್ತಿದ್ದರು. ಇಷ್ಟೆಲ್ಲ ನೇಮ ಇರುವ ಮನುಷ್ಯ ಒಂದೇ ರೇಟು ಯಾಕೆ ಹೇಳಬಾರದು ಎಂದು ಅವಳಿಗೆ ಬಗೆಹರಿಯುತ್ತಿರಲಿಲ್ಲ. ಎಲ್ಲರಿಗೂ ಕಾಣುವಂತೆ ಒಂದೇ ರೇಟು ಎನ್ನುವುದೇ ಅವಳಿಗೆ ಮರ್ಯಾದೆಯ ಮಾತಾಗಿತ್ತು. ಅದನ್ನು ಅಬ್ಬಾನ ಅಂಗಡಿಯ ಗೋದಾಮಿನಿಂದಲೇ ನಡೆಸುತ್ತಿದ್ದೇನೆ ಎಂಬುದರಲ್ಲಿ ಸಣ್ಣದೊಂದು ಸೇಡಿನ ಖುಷಿಯೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

‘ಯಾಸ್ಮೀನಾ, ಫ್ಯಾನು ಸರಿ ಆಯ್ತಾ?’ ಅಬ್ಬಾ ಹೊರಗಿನಿಂದ ಕೇಳಿದರು.

‘ಆಗ್ತಾ ಐತಬ್ಬಾ.’

ತಗಡು ಮುಚ್ಚಿ ಡಬ್ಬಿಯನ್ನು ಚಾಲೂ ಮಾಡಿದಳು. ಪರದೆಯ ಮೇಲೆ ಅಕ್ಷರಗಳು ಒಂದರ ಮೇಲೊಂದು ಹರಿದು ಕೊನೆಗೆ ಸೈಟು ತೆರೆಯಿತು: ಸಾಮಾನು, ತೂಕ, ಅಂಗಡಿ, ರೇಟು. ಕಾಲೇಜಿನ ಲ್ಯಾಬಿನ ಗೋಡೆಯ ಮೇಲೆ ಇದೇ ಪುಟ ದೊಡ್ಡದಾಗಿ ಬಿದ್ದಿದ್ದ, ಕಳೆದ ಸಂತೆಗೆ ಮುಂಚಿನ ಆ ಮಧ್ಯಾಹ್ನ ಕಣ್ಣೆದುರಿಗೆ ಬಂತು. ಅವಳು ಅಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಪಾಠ ಮಾಡುವವರು ಬೇರೆ, ಮೆಷಿನ್ನು ನೋಡಿಕೊಳ್ಳುವವಳು ಇವಳು. ‘ನಮ್ಮ ರೇಟು’ ಬಂದ ಮೇಲೆಯೇ ಹುಡುಗರು ಇವಳನ್ನು ಮ್ಯಾಮ್ ಎನ್ನಲು ಶುರು ಮಾಡಿದ್ದು. ಬಾತಿಯವರು ಬಾತಿಯ ರೇಟು, ಆನಗೋಡಿನವರು ಆನಗೋಡಿನ ರೇಟು ತಂದು ತುಂಬುತ್ತಿದ್ದರು. ಯಾರಾದರೂ ಹಾಕಿದ ಬೆಲೆ ಉಳಿದ ಅಂಗಡಿಗಳ ಬೆಲೆಗಿಂತ ತೀರ ಆಚೀಚೆ ಇದ್ದರೆ ಸಾಲು ತಾನಾಗಿ ಕೆಂಪಾಗುವಂತೆ ಅವಳೇ ನಿಯಮ ಬರೆದಿದ್ದಳು. ಆ ದಿನ ಕೆಂಪಾದದ್ದು ಮುನಾಫ್ ಕಿರಾಣಿ ಸ್ಟೋರ್ಸ್, ಹರಿಹರ, ತೊಗರಿಬೇಳೆ. ನೋಡಿದೊಡನೆ ಅವಳ ಮನಸ್ಸಿಗೆ ಬಂದದ್ದು ಬೇಳೆಯಲ್ಲ, ಹೆದರಿಕೆ: ಅಪ್ಪನ ಅಂಗಡಿಯ ರೇಟು ಬೇಕಂತಲೇ ಕಮ್ಮಿ ತೋರಿಸಿ ಗಿರಾಕಿ ಎಳೆಯುತ್ತಿದ್ದಾಳೆ ಎಂದು ಜನ ಅಂದಾರು.

‘ಇದನ್ನ ಯಾರು ಹಾಕಿದ್ದು? ಊಹೆ ಮಾಡಿ ತುಂಬಬೇಡಿ ಅಂತ ಎಷ್ಟು ಸಲ ಹೇಳ್ಬೇಕು?’ ದನಿ ಅಗತ್ಯಕ್ಕಿಂತ ಜೋರಾಗಿತ್ತು.

ಹಿಂದಿನ ಸಾಲಿನಿಂದ ಚೈತ್ರಾ ಎದ್ದು ನಿಂತಳು. ‘ಊಹೆ ಅಲ್ಲ ಮ್ಯಾಮ್. ನಮ್ಮಜ್ಜಿ ವಾರಾ ವಾರಾ ಅಲ್ಲೇ ತಗಂತಾಳೆ. ಅದೇ ರೇಟು.’

‘ಅದು ನಮ್ಮ ಅಂಗಡಿ ಚೈತ್ರಾ. ನಮ್ಮ ಅಂಗಡಿ ರೇಟು ನನಗೆ ಗೊತ್ತಿಲ್ವಾ? ಆ ರೇಟಿಗೆ ಬೇಳೆ ನಮಗೇ ಬೀಳಲ್ಲ. ನಿಮ್ಮಜ್ಜಿ ಏನೋ ತಪ್ಪು ಹೇಳಿರ್ಬೇಕು.’

ಯಾರೋ ನಕ್ಕರು. ಅಜ್ಜಿ ಆಫರ್ ಕಣೇ, ಎಂದು ಇನ್ಯಾರೋ ಅಂದರು. ಎಲ್ಲರೂ ನೋಡುತ್ತಿರುವಂತೆಯೇ ಯಾಸ್ಮೀನ್ ಆ ಸಾಲನ್ನು ಅಳಿಸಿದಳು. ತನ್ನ ಅಪ್ಪನ ಅಂಗಡಿಗೂ ನಿಯಮ ಒಂದೇ ಎಂದು ತೋರಿಸಿಕೊಟ್ಟ ಸಮಾಧಾನದಲ್ಲಿ ಚೈತ್ರಾ ಇನ್ನೂ ನಿಂತೇ ಇರುವುದು ಅವಳಿಗೆ ಕಾಣಲಿಲ್ಲ. ಕಂಡಿತ್ತು. ಕಂಡೂ ಕೂತುಕೋ ಎಂದಿರಲಿಲ್ಲ.

ಆ ಸಂಜೆ ಅಂಗಡಿಯಲ್ಲಿ ಗಿರಾಕಿಗಳು ಕರಗಿದ ಮೇಲೆ ಇದೊಂದು ತಮಾಷೆ ಎನ್ನುವಂತೆ ಅಬ್ಬಾನಿಗೆ ಹೇಳಿದ್ದಳು. ಸಕ್ಕರೆ ಕಟ್ಟುತ್ತಿದ್ದ ಅವರು, ಯಾರ ಮೊಮ್ಮಗಳು, ಎಂದರು. ಕೊಟ್ರವ್ವನ ಮೊಮ್ಮಗಳಂತೆ, ಹುಡುಗರು ಹೇಳಿದರು, ಅಂದಾಗ ಕೈಯಲ್ಲಿದ್ದ ದಾರ ಕೈಯಲ್ಲೇ ಉಳಿಯಿತು. ಮುದುಕನಾಗುತ್ತಿರುವ ಆ ಮುಖದಲ್ಲಿ ಸಿಕ್ಕಿಬಿದ್ದ ಹುಡುಗನ ಅಳುಕನ್ನು ಅವಳು ಮೊದಲ ಸಲ ಕಂಡಳು.

‘ಅವ್ರ ಮಗ ಗೋಣೆಪ್ಪ ಹೋದ ಮ್ಯಾಲೆ ಮೊದಲ್ನೇ ಸಲ ಬಂದಿದ್ರು. ಆ ವಾರಾನೇ ಬೇಳೆ ರೇಟು ಏರಿತ್ತು. ಎಷ್ಟು ಸಾಬ್ರೇ ಅಂದ್ರು. ಆ ಮುಖ ನೋಡಿ ಹೊಸಾ ರೇಟು ಬಾಯಿಗೇ ಬರ್ಲಿಲ್ಲ ಬೇಟಾ. ಹಳೇದೇ ಐತವ್ವಾ ಅಂದುಬಿಟ್ಟೆ. ಮುಂದಿನ ವಾರ ಹೆಂಗೆ ಏರಿಸೋದು? ಅದ್ರ ಮುಂದಿನ ವಾರ? ಹಂಗೇ ನಡಕಂಡು ಬಂತು.’

‘ಇಷ್ಟು ವರ್ಷ?’

‘ದಾನಗೀನ ಅಂತ ತಿಳ್ಕಾಬ್ಯಾಡ. ನಂಗೆ ಹೇಳಾಕೆ ನಾಚಿಕೆ ಆಯ್ತು, ಅಷ್ಟೇ.’

ಊರಿಗೆಲ್ಲ ಬೇಳೆ ಏರುತ್ತ ಇಳಿಯುತ್ತ ಮತ್ತೆ ಏರುತ್ತ ಇದ್ದರೆ ಕೊಟ್ರವ್ವನೊಬ್ಬಳಿಗೆ ಅದು ಮಗ ಸತ್ತ ವಾರದಲ್ಲೇ ನಿಂತುಬಿಟ್ಟಿತ್ತು. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಅವಳು ಬರುತ್ತಿದ್ದಳೋ, ಅವಳು ಬಂದಾಗ ಅಬ್ಬಾ ಬೇರೆಯವರನ್ನು ಬೇಗ ಸಾಗಹಾಕುತ್ತಿದ್ದರೋ, ಯಾಸ್ಮೀನ್ ಎಷ್ಟು ನೆನಪಿಸಿಕೊಂಡರೂ ತಿಳಿಯಲಿಲ್ಲ. ತೂಗಿ ಕಟ್ಟಿದ ಮೇಲೆ ಕೊಟ್ರವ್ವ ಸೆರಗು ಒಡ್ಡಿ, ಕೊಸರು ಹಾಕ್ರಿ ಸಾಬ್ರೇ, ಎನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು. ಅಂಗಡೀನೇ ಹಾಕ್ಲೇನವ್ವಾ ಎನ್ನುತ್ತ ಅಬ್ಬಾ ಹುರಿದ ಕಡಲೆಯ ಪುಟಾಣಿಯನ್ನು ಒಂದು ಹಿಡಿ ಸೆರಗಿಗೆ ಸುರಿಯುತ್ತಿದ್ದರು. ದುಡ್ಡು ಕೊಟ್ಟವರೆಲ್ಲ ಹಕ್ಕಿನಿಂದ ಕೇಳಿ ಪಡೆಯುವ ಆ ಹಿಡಿಯಷ್ಟು ಹೆಚ್ಚಿನದನ್ನು ಯಾಸ್ಮೀನ್ ಯಾರ ಹತ್ತಿರವೂ ಕೇಳಿದವಳಲ್ಲ. ತರಕಾರಿಯವರು ತಾವಾಗಿ ಎರಡು ಮೆಣಸಿನಕಾಯಿ ಹಾಕಲು ಬಂದರೂ, ಬೇಡ ಬಿಡಿ, ಎಂದು ಚೀಲದ ಬಾಯಿ ಮುಚ್ಚುತ್ತಿದ್ದಳು. ಓದಿದವಳು ಕೈ ಒಡ್ಡುವುದು ಹೇಗೆ ಎನ್ನಿಸುತ್ತಿತ್ತು.

ಪರದೆಯ ಮೇಲೆ ಕರ್ಸರು ಮಿನುಗುತ್ತಿತ್ತು. ರಾತ್ರಿಯಿಂದ ತಲೆಯಲ್ಲಿ ತಿರುಗುತ್ತಿದ್ದ ಯೋಚನೆಯನ್ನು ಇನ್ನೊಮ್ಮೆ ಯೋಚಿಸಿದರೆ ಧೈರ್ಯ ಬಾರದೆಂದು ಥಟ್ಟನೆ ಮಾಡಿದಳು. ಮುನಾಫ್ ಕಿರಾಣಿಯ ತೊಗರಿಬೇಳೆಯ ಮುಂದೆ ಕೊಟ್ರವ್ವನ ಹಳೆಯ ರೇಟನ್ನು ತುಂಬಿದಳು. ಸಾಲು ಕೆಂಪಾಯಿತು. ತಾನೇ ಬರೆದ ನಿಯಮವನ್ನು ಆ ಒಂದು ಸಾಲಿಗೆ ತೆಗೆದುಹಾಕಿದಳು, ಕೆಂಪು ಹೋಯಿತು. ಕೊಟ್ರವ್ವನಿಗೆ ಕೊಟ್ಟದ್ದೇ ಎಲ್ಲರ ರೇಟು ಎಂದಾದರೆ ಅವಳು ಯಾರ ಋಣದಲ್ಲೂ ಇಲ್ಲ. ಚೈತ್ರಾ ಬರೆದದ್ದೂ ಸುಳ್ಳಲ್ಲ. ಒಂದು ವಾರ ಇದ್ದರೆ ಸಾಕು. ಎಂಥ ಉಪಾಯ ಎಂದು ಒಂದು ಗಳಿಗೆ ಎದೆ ಹಗುರಾಯಿತು. ಅಷ್ಟರಲ್ಲಿ ಬೆಲ್ಲ ತೆಗೆದುಕೊಳ್ಳಲು ಒಳಗೆ ಬಂದ ಅಬ್ಬಾ ಪರದೆಯ ಮುಂದೆ ನಿಂತು ಕನ್ನಡಕ ಮೇಲೇರಿಸಿದರು.

‘ಏನಿದು?’

‘ಒಂದು ವಾರ ಅಬ್ಬಾ. ಅವ್ರಿಗೆ ತೋರ್ಸಾಕೆ.’

‘ನಾನು ಒಬ್ರಿಗೆ ಹೇಳಿದ್ದೆ, ಅದೂ ಬಾಯಿಮಾತಿಗೆ. ನೀನು ಊರಿಗೆಲ್ಲ ಹೇಳಾಕ ಹೊಂಟೀಯ. ತಗಿ ಅದನ್ನ.’

ತೆಗೆಯಲು ಕುಳಿತಳು. ಡಬ್ಬಿ ಬಿಸಿಯಾಗಿ ನಿಧಾನವಾಗಿತ್ತು, ಪುಟ ತೆರೆಯದೆ ಸತಾಯಿಸಿತು. ಹೊರಗೆ ಸ್ಕೂಟರು ನಿಂತ ಸದ್ದಾಯಿತು. ರಿಟೈರಾದ ಗುಮಾಸ್ತ ಉಚ್ಚಂಗೆಪ್ಪನವರು. ದಿನಾ ಬೆಳಗ್ಗೆ ‘ನಮ್ಮ ರೇಟು’ ನೋಡದೆ ಅವರಿಗೆ ಚಹಾ ಇಳಿಯುವುದಿಲ್ಲ ಎಂದು ಮನೆಯವರೇ ಆಡಿಕೊಳ್ಳುತ್ತಿದ್ದರು. ಅವರು ಮೊಬೈಲನ್ನು ಅಬ್ಬಾನ ಮೂಗಿನ ಹತ್ತಿರ ಹಿಡಿದರು.

‘ಏನ್ರಿ ಸಾಬ್ರೇ, ಇದು ಖರೇನಾ? ನಿಮ್ಮ ಮಗಳ ಮೆಷಿನ್ನೇ ಹೇಳ್ತೈತೆ. ಇಲ್ಲ ಅನ್ನಂಗಿಲ್ಲ ಮತ್ತೆ.’

ಅಬ್ಬಾ ಒಳಬಾಗಿಲಿನ ಕಡೆ ನೋಡಲಿಲ್ಲ. ನೋಡಿದ್ದರೆ ಅವಳು ಓಡಿ ಬಂದು, ಅದು ತಪ್ಪು, ನಾನೇ ತಪ್ಪು ಬರೆದೆ, ಎನ್ನುತ್ತಿದ್ದಳೇನೋ. ಅಥವಾ ಆಗಲೂ ಅನ್ನುತ್ತಿರಲಿಲ್ಲವೋ ಏನೋ. ಮೆಷಿನ್ನು ತಪ್ಪು ಹೇಳುವುದಿಲ್ಲ ಎಂದು ಇದೇ ಉಚ್ಚಂಗೆಪ್ಪನವರಿಗೆ ಅವಳೇ ಒಂದು ದಿನ ಭಾಷಣ ಬಿಗಿದಿದ್ದಳು. ‘ಖರೇನೇ ರಿ, ಎಷ್ಟು ಕೊಡ್ಲಿ?’ ಎಂದು ಅಬ್ಬಾ ಬೇಳೆಯ ಚೀಲಕ್ಕೆ ಕೈ ಹಾಕಿದರು. ಉಚ್ಚಂಗೆಪ್ಪನವರು ಐದು ಕೆಜಿ ಎಂದರು. ಆ ರೇಟಿಗೆ ಸಿಕ್ಕಿದ್ದರಲ್ಲಿ ಮೋಸವೇನೋ ಇರಬೇಕೆಂದು ಒಂದು ಚಿಟಿಕೆ ಬೇಳೆಯನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡಿದರು.

ಆಗಲೇ ಕೊಟ್ರವ್ವ ಬಂದಳು. ಎಂದಿನ ಹೊತ್ತಲ್ಲ. ಬುಟ್ಟಿಯ ತುಂಬ ಸೊಪ್ಪು ಹಾಗೇ ಇತ್ತು, ಅದರ ಮೇಲೆ ಮುಚ್ಚಿದ ಒದ್ದೆ ಬಟ್ಟೆಯಿಂದ ನೀರು ಸೋರಿ ರವಿಕೆಯ ತೋಳು ನೆಂದಿತ್ತು. ಬುಟ್ಟಿಯನ್ನು ಕಟ್ಟೆಯ ಮೇಲಿಳಿಸಿ, ಮಾರಾಟಕ್ಕೆ ಮೊದಲು ಮುಗಿಸಿಬಿಡಬೇಕಾದ ಕೆಲಸ ಇದು ಎನ್ನುವಂತೆ ನೇರ ನಿಂತಳು.

‘ಬರ್ರಿ ಅವ್ವಾ, ಕೂಡ್ರಿ,’ ಎಂದರು ಅಬ್ಬಾ.

‘ತಗಾಳವ್ವಾ ನೀನೂ,’ ಎಂದರು ಉಚ್ಚಂಗೆಪ್ಪ. ‘ಇವತ್ತು ಬೇಳೆ ಭಾರಿ ಅಗ್ಗ ಐತೆ.’ ಮತ್ತೆ ರೇಟನ್ನು ಗಟ್ಟಿಯಾಗಿ ಹೇಳಿದರು.

ಇಷ್ಟು ವರ್ಷ ತಾನು ಕೊಡುತ್ತಿದ್ದ ರೇಟನ್ನು ಕೊಟ್ರವ್ವ ಇನ್ನೊಬ್ಬರ ಬಾಯಲ್ಲಿ ಅಗ್ಗವೆಂದು ಕೇಳಿಸಿಕೊಂಡಳು. ಅವಳು ಅಬ್ಬಾನನ್ನು ನೋಡಿದಳು, ಅರ್ಧ ತುಂಬಿದ ಉಚ್ಚಂಗೆಪ್ಪನ ಚೀಲ ನೋಡಿದಳು. ಕೊನೆಗೆ ಒಳಬಾಗಿಲಿನಲ್ಲಿ ಕೆಂಪು ಧೂಳು ಮೆತ್ತಿದ ದುಪಟ್ಟಾ ಹೊದ್ದು ನಿಂತ ಯಾಸ್ಮೀನಳನ್ನು ನೋಡಿದಳು. ಎಲ್ಲ ತಿಳಿಯಿತು ಎನ್ನುವಂಥ ಆ ನೋಟದ ಎದುರು ಯಾಸ್ಮೀನಳಿಗೆ ತನ್ನ ಉಪಾಯ, ಕಳ್ಳತನ ಮುಚ್ಚಲು ಮಾಡಿದ ಇನ್ನೊಂದು ಕಳ್ಳತನದಂತೆ ಕಂಡಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

‘ನಂಗೆ ಅರ್ಧ ಕೇಜಿ ಹಾಕ್ರಿ ಸಾಬ್ರೇ,’ ಎಂದಳು ಕೊಟ್ರವ್ವ. ‘ಸಂತೆಯಾಗೆ ಹೊರಗೆಲ್ಲ ಏನು ರೇಟು ಐತೋ, ಅದೇ ರೇಟು.’

‘ಅವ್ವಾ, ಇವತ್ತು ಎಲ್ಲಾರಿಗೂ…’

‘ನಂಗೊತ್ತೈತೆ. ಹೊರಗಿನ ರೇಟು ಹಾಕ್ರಿ.’

ಉಚ್ಚಂಗೆಪ್ಪನವರು, ಈ ಮುದುಕಿಗೆ ತಲೆ ಸರಿ ಇಲ್ಲ, ಎಂಬಂತೆ ನಕ್ಕು ಚೀಲವನ್ನು ಸ್ಕೂಟರಿಗೆ ಸಿಕ್ಕಿಸಿ ಹೊರಟರು. ಅಬ್ಬಾ ಅರ್ಧ ಕೆಜಿ ತೂಗಿದರು. ಕೊಟ್ರವ್ವನ ಕಣ್ಣು ತಕ್ಕಡಿಯ ಅಂಕಿಯ ಮೇಲೇ ಇತ್ತು. ಅವಳು ಹಾಗೆ ಅಂಕಿ ನೋಡುತ್ತ ನಿಂತದ್ದನ್ನು ಯಾಸ್ಮೀನ್ ಎಂದೂ ಕಂಡಿರಲಿಲ್ಲ. ಅಬ್ಬಾನ ಬೆರಳು ತುಸು ಹೆಚ್ಚು ಸುರಿಯಲು ಹೋಗಿ, ಆ ನೋಟಕ್ಕೆ ಹೆದರಿ, ಹೆಚ್ಚಾದ ನಾಲ್ಕು ಕಾಳನ್ನು ವಾಪಸು ತೆಗೆಯಿತು. ಕೊಟ್ರವ್ವ ದುಡ್ಡನ್ನು ಕಟ್ಟೆಯ ಮೇಲಿಟ್ಟು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಅಬ್ಬಾ ಅಭ್ಯಾಸದಂತೆ ಪುಟಾಣಿಯ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಮುಂದೆ ಚಾಚಿದ್ದರು. ಕೊಟ್ರವ್ವ ಸೆರಗು ಒಡ್ಡಲಿಲ್ಲ. ಬುಟ್ಟಿಯನ್ನು ತಲೆಗೇರಿಸಿಕೊಂಡು, ಬರ್ತೀನ್ರಿ ಸಾಬ್ರೇ, ಎಂದು ಹೊರಟುಹೋದಳು. ಅಬ್ಬಾನ ಮುಷ್ಟಿ ಕಟ್ಟೆಯ ಮೇಲೆ ಹಾಗೇ ಇತ್ತು. ಬಹಳ ಹೊತ್ತಾದ ಮೇಲೆ ಅವರು ಅದನ್ನು ಡಬ್ಬಿಗೆ ಬಿಟ್ಟು ಮುಚ್ಚಳ ಹಾಕಿದರು.

ಯಾಸ್ಮೀನ್ ಚಪ್ಪಲಿ ಮೆಟ್ಟಿ ಹೊರಟಳು. ಕಂಪ್ಯೂಟರಿನ ಸ್ವಿಚ್ಚನ್ನು ಆರಿಸಿಯೇ ಬಂದಿದ್ದಳು. ಸಂತೆಯ ದಾರಿಯಲ್ಲಿ, ಬಿಸಿಲಿಗೆ ಕಟ್ಟಿದ ತಾಡಪಾಲುಗಳ ಕೆಳಗೆ ತಲೆ ತಗ್ಗಿಸಿ ನಡೆಯುವಾಗ, ಏನು ಹೇಳಬೇಕೆಂದು ಉರ್ದುವಿನಲ್ಲೂ ಕನ್ನಡದಲ್ಲೂ ಹೊಂದಿಸಿಕೊಂಡಳು. ಎರಡರಲ್ಲೂ ಮಾತು ತನ್ನನ್ನು ತಾನು ಬಿಡಿಸಿಕೊಳ್ಳುವ ಮಾತೇ ಆಗುತ್ತಿತ್ತು. ನನಗೆ ಗೊತ್ತಿರಲಿಲ್ಲ ಅಜ್ಜಿ. ನಿಯಮ ಎಲ್ಲರಿಗೂ ಒಂದೇ ಇರಬೇಕಲ್ಲ ಅಜ್ಜಿ. ಕೊಟ್ರವ್ವ ಮೆಂತ್ಯದ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಇವಳನ್ನು ಕಂಡು ಆಶ್ಚರ್ಯವನ್ನೇನೂ ತೋರಿಸಲಿಲ್ಲ.

‘ಏನು ಬೇಕವ್ವಾ?’

‘ಕೊತ್ತಂಬರಿ,’ ಎಂದಳು ಯಾಸ್ಮೀನ್. ಆಮೇಲೆ, ‘ಚೈತ್ರಾ ಲ್ಯಾಬಿಗೆ ಬರ್ತಾ ಇಲ್ಲ ಅಜ್ಜಿ.’

‘ಹೆಂಗೆ ಬರ್ತಾಳೆ? ಅಷ್ಟು ಜನದಾಗೆ ನಕ್ಕರಂತೆ. ಮನಿಗೆ ಬಂದು, ಯಾಕ ಸುಳ್ಳು ಹೇಳ್ದೆ ಅಜ್ಜಿ ಅಂತ ನನ್ನೇ ಕೇಳಿದ್ಲು. ಬೇರೆ ಅಂಗಡಿಗೆ ಕರಕಂಡು ಹೋಗಿ ರೇಟು ಕೇಳಿಸಿದ್ಲು. ಅವಳ ಎದುರಿಗೆ ನಿಂತು ಕೇಳಿದ್ನವ್ವಾ.’

‘ತಪ್ಪು ನಂದು ಅಜ್ಜಿ. ನಾನು ಅವಳಿಗೆ ಎಲ್ಲರೆದುರಿಗೇ ಹೇಳ್ತೀನಿ. ನಿಮಗೆ ಗೊತ್ತಿಲ್ಲದೆ ಇದ್ದದ್ದನ್ನ ನಾನು…’

‘ನಂಗೆ ಗೊತ್ತಿಲ್ದೆ?’ ಕೊಟ್ರವ್ವ ನೀರಿನ ಕೈಯನ್ನು ಕೊಡವಿದಳು. ‘ನಾನೂ ವಾರಾ ವಾರಾ ಸಂತೆಯಾಗೆ ಕುಂದ್ರೋಳು. ಯಾವುದು ಏರಿತು, ಯಾವುದು ಇಳೀತು ಅಂತ ನನ್ನ ಕಿವಿಗೆ ಬೀಳಲ್ವೇನು? ಅವ್ರು ಹೇಳಿರ್ಲಿಲ್ಲ, ನಾನು ಕೇಳಿರ್ಲಿಲ್ಲ. ಅವ್ರ ಮಾನ ಅವ್ರಿಗಿತ್ತು, ನನ್ನ ಮಾನ ನಂಗಿತ್ತು. ಈಗ ಕೇಳಿಬಿಟ್ನಲ್ಲ. ಇನ್ನ ಹಳೇ ರೇಟಿಗೆ ಹೆಂಗೆ ತಗಳ್ಲಿ?’

ಆ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದು ಅಬ್ಬಾ ಒಬ್ಬರೇ ಎಂದು ಯಾಸ್ಮೀನ್ ತಿಳಿದಿದ್ದಳು. ಇಬ್ಬರೂ ಸೇರಿ ಇಷ್ಟು ವರ್ಷ ಬಾಯಿ ಬಿಡದೆ ಹಿಡಿದುಕೊಂಡಿದ್ದನ್ನು ತಾನು ಲ್ಯಾಬಿನ ಗೋಡೆಯ ಮೇಲೆ ಕೆಂಪು ಮಾಡಿ ತೋರಿಸಿದ್ದಳು. ಕೊಟ್ರವ್ವ ಕೊತ್ತಂಬರಿಯ ಕಟ್ಟನ್ನು ಕೊಟ್ಟು ದುಡ್ಡು ಇಸಿದುಕೊಂಡಳು. ವ್ಯಾಪಾರ ಮುಗಿಯಿತು. ಯಾಸ್ಮೀನ್ ಹೋಗಲಿಲ್ಲ. ಹಿಂದಿನವರು ನೂಕುತ್ತಿದ್ದರೂ ನಿಂತು, ಕೆಂಪು ಧೂಳಿನ ದುಪಟ್ಟಾದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಬಾಯಿಂದ ಮಾತು ಮಾತ್ರ ಬರಲೊಲ್ಲದು. ಕೊಟ್ರವ್ವ ಆ ತುದಿಯನ್ನು ನೋಡಿದಳು, ಮುಖ ನೋಡಿದಳು.

‘ಬಾಯಿ ಬಿಟ್ಟು ಕೇಳ್ಬೇಕವ್ವಾ ಅದನ್ನ.’

ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಹೈಸ್ಕೂಲಿನ ದಿನದಂತೆಯೇ ಯಾಸ್ಮೀನಳ ಕಿವಿ ಬಿಸಿಯಾಯಿತು.

‘ಕೊಸರು ಹಾಕ್ರಿ ಅಜ್ಜಿ.’

ಕೊಟ್ರವ್ವ ಬುಟ್ಟಿಯಿಂದ ಒಂದು ಹಿಡಿ ಸೊಪ್ಪು ಎತ್ತಿ ದುಪಟ್ಟಾಕ್ಕೆ ಹಾಕಿದಳು. ನೋಡಿ, ಇನ್ನೊಂದು ಹಿಡಿ ಹಾಕಿದಳು. ಒದ್ದೆ ಸೊಪ್ಪಿನ ನೀರಿಗೆ ಬಟ್ಟೆಯ ಮೇಲಿನ ಮೆಣಸಿನಕಾಯಿಯ ಧೂಳು ಕರಗಿ ಯಾಸ್ಮೀನಳ ಬೆರಳುಗಳು ಉರಿಯತೊಡಗಿದವು.

‘ಸಾಬ್ರಿಗೆ ಹೇಳು, ಬರೋ ವಾರಾನೂ ಬರ್ತೀನಿ ಅಂತ,’ ಎಂದಳು ಕೊಟ್ರವ್ವ. ‘ಪೂರಾ ರೇಟೇ ಹಾಕ್ಲಿ. ಕೊಸರು ಮಾತ್ರ ತೆಗ್ಯೋದು ಬ್ಯಾಡ ಅಂತ ಹೇಳು.’ ಅಷ್ಟು ಹೇಳಿ ಅವಳು ಬದನೆಕಾಯಿಯ ಹೆಂಗಸಿನ ಕಡೆ ತಿರುಗಿ, ಏನು ಬೇಕವ್ವಾ, ಎಂದಳು.

ಯಾಸ್ಮೀನ್ ದುಪಟ್ಟಾದ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸಂತೆಯ ನಡುವೆ ನಿಂತಿದ್ದಳು. ಪುಟಾಣಿಯ ಡಬ್ಬಿಯ ಮುಂದೆ ಕುಳಿತಿರುವ ಅಬ್ಬಾನಿಗೆ ಈ ಮಾತನ್ನು ಹೇಳಬೇಕಾದವಳು ತಾನೇ.